ಮೂರೂ ನಿಧಾನದ ಪೀಸುಗಳು

ಮಗಳನ್ನು ಪಿಯಾನೊ ಕ್ಲಾಸಿಗೆ ಸೇರಿಸಿದ್ದು ನಾನು, ಬೇಸರವಾಗಿ ಬಿಟ್ಟವಳು ಅವಳು, ಬಿಡಲಾಗದೆ ಉಳಿದವಳು ಮತ್ತೆ ನಾನು. ತಿಪಟೂರಿನಲ್ಲಿ ಯಾರಾದರೂ ‘ಈ ವಯಸ್ಸಲ್ಲಿ ಇದೇನ್ರೀ ನಿಮಗೆ ಪಿಯಾನೊ’ ಎಂದಾಗ ಇಷ್ಟು ಹೇಳಿ ಮುಗಿಸುತ್ತೇನೆ. ಕೇಳಿದವರು ನಕ್ಕು ಕೊಬ್ಬರಿ ರೇಟಿನ ಮಾತಿಗೆ ಹೋಗುತ್ತಾರೆ. ನನಗೂ ಅದೇ ಬೇಕು.

ಕಲಿಸುತ್ತಿದ್ದವರು ಶಾಲೆಯೊಂದರಲ್ಲಿ ಸಂಗೀತದ ಟೀಚರಾಗಿದ್ದು ನಿವೃತ್ತರಾದವರು. ಎಲ್ಲರಿಗೂ ಅವರು ‘ಮಿಸ್’. ಅವರ ಮನೆಯ ಮುಂದಿನ ಕೋಣೆಯಲ್ಲಿ ಗೋಡೆಗೆ ಆನಿಸಿದ ಹಳೆಯ ಪಿಯಾನೊ, ಅದರ ಮೇಲೊಂದು ಕಸೂತಿ ಬಟ್ಟೆ, ಬಟ್ಟೆಯ ಮೇಲೆ ಬಿಸ್ಕತ್ತಿನ ಡಬ್ಬಿ. ಮಗಳು ಒಳಗೆ ನುಡಿಸುವಾಗ ನಾನು ಜಗುಲಿಯ ಬೆಂಚಿನಲ್ಲಿ ಕೂತು ಅವಳ ತಪ್ಪುಗಳನ್ನು ಮನಸ್ಸಿನಲ್ಲೇ ತಿದ್ದುತ್ತಿದ್ದೆ. ಅವಳಿಗಿಂತ ಮೊದಲೇ ತಪ್ಪು ಎಲ್ಲಿ ಬರುತ್ತದೆಂದು ನನಗೆ ಗೊತ್ತಾಗುತ್ತಿತ್ತು. ಒಂದು ದಿನ ಮಿಸ್ ಬಾಗಿಲಿಗೆ ಬಂದು, “ತೊಡೆ ಮೇಲೆ ಬೆರಳಾಡಿಸ್ತಾ ಕೂತಿದ್ದೀರಲ್ಲ, ಅದನ್ನೇ ಒಳಗೆ ಬಂದು ಮಾಡಿ” ಎಂದರು. ಹಾಗೆ ಶುರುವಾದದ್ದು. ಮಗಳು ಹೈಸ್ಕೂಲು ದಾಟುವ ಹೊತ್ತಿಗೆ ನಮ್ಮ ಮನೆಯ ಹಜಾರಕ್ಕೆ ಒಂದು ಕರೆಂಟಿನ ಪಿಯಾನೊ ಬಂತು. ಕೀಲಿಗಳಿಗೆ ನಿಜವಾದ ಪಿಯಾನೊದ ಭಾರವೇ ಇದೆ, ಆದರೆ ಕರೆಂಟು ಹೋದರೆ ಮೂಕ.

ಹೋದ ವರ್ಷ ಮಿಸ್‌ಗೆ ಬೆರಳ ಗೆಣ್ಣುಗಳು ಊದಿಕೊಂಡು ಬಿಸ್ಕತ್ತಿನ ಡಬ್ಬಿ ತೆಗೆಯುವುದೂ ಕಷ್ಟವಾಯಿತು.

“ಇನ್ನೊಂದು ವರ್ಷ ಅಷ್ಟೆ ಕಣಮ್ಮ. ಆಮೇಲೆ ಈ ಮಕ್ಕಳನ್ನ ನೀವು ನೋಡ್ಕೊಳ್ಳಿ” ಎಂದರು.

“ನಾನಾ? ನನ್ನ ಹತ್ರ ಒಂದು ಸರ್ಟಿಫಿಕೇಟ್ ಇಲ್ಲ ಮಿಸ್. ಕೊಬ್ಬರಿ ಮಂಡಿಯವರ ಹೆಂಡತಿ ಹತ್ರ ಮಕ್ಕಳನ್ನ ಯಾರು ಕಳಿಸ್ತಾರೆ?”

“ಅದಕ್ಕೇ ಹೇಳ್ತಿರೋದು. ತಗೊಳ್ಳಿ.”

ಬೆಂಗಳೂರಿನಲ್ಲಿ ಒಂದು ಸಂಗೀತ ಶಾಲೆ ಶನಿವಾರದ ಡಿಪ್ಲೊಮಾ ನಡೆಸುತ್ತದೆ, ದೊಡ್ಡವರನ್ನೂ ಸೇರಿಸಿಕೊಳ್ಳುತ್ತದೆ ಎಂದು ಅವರೇ ವಿಚಾರಿಸಿ ಇಟ್ಟಿದ್ದರು. ದೊಡ್ಡವರು ಎಂದರೆ ಎಷ್ಟು ದೊಡ್ಡವರು ಎನ್ನುವುದಕ್ಕೂ ಒಂದು ಮಿತಿ ಇತ್ತು. ನಾನು ಆ ಗೆರೆಯ ಮೇಲೆಯೇ ನಿಂತಿದ್ದೆ. ಆ ವರ್ಷ ಸೀಟು ಸಿಗದಿದ್ದರೆ ಮುಂದಿನ ವರ್ಷ ಕೇಳುವ ಹಾಗೇ ಇರಲಿಲ್ಲ. ನಾನು ಸೇರದಿದ್ದರೆ ಮಿಸ್ ಕ್ಲಾಸು ಮುಚ್ಚುತ್ತದೆ, ಹೊನ್ನವಳ್ಳಿಯಿಂದ ಅಪ್ಪನ ಸ್ಕೂಟರಿನಲ್ಲಿ ಬರುವ ಹುಡುಗಿಯೂ ಸೇರಿ ಅಷ್ಟೂ ಮಕ್ಕಳು ಬಿಡುತ್ತಾರೆ ಎನ್ನುವುದು ನನಗೆ ಗೊತ್ತಿತ್ತು. ಗೊತ್ತಾದ ದಿನದಿಂದ ನನ್ನ ಚಿಂತೆಗೆ ಒಂದು ಖಾಯಂ ಕಾರಣ ಸಿಕ್ಕಿತು. ಅದಕ್ಕೂ ಮೊದಲು ಅದು ಕಾರಣವಿಲ್ಲದೆಯೇ ಇರುತ್ತಿತ್ತು.

ಸೇರಲು ಆಡಿಷನ್ ಇತ್ತು. ಮೂರು ಪೀಸು ನುಡಿಸಬೇಕು, ಮೂರೂ ಬೇರೆ ಬೇರೆ ಕಾಲದವಾಗಿರಬೇಕು, ಯಾವ ಮೂರು ಎಂದು ಮೊದಲೇ ತಿಳಿಸಬೇಕು. ಅಷ್ಟರಲ್ಲಿ ಹಾಸನದಲ್ಲಿ ಮಿಸ್‌ರ ತಂಗಿ ಕಾಲು ಮುರಿದುಕೊಂಡರು. “ನಾನು ಬರೋ ತನಕ ಯೋಚನೆ ಮಾಡಿಟ್ಕೊಳ್ಳಿ” ಎಂದು ಹೇಳಿ ಮಿಸ್ ಅಲ್ಲಿಗೆ ಹೋದರು. ಯೋಚನೆ ಮಾಡಲು ನನಗೆ ಹೇಳಬೇಕಿರಲಿಲ್ಲ. ಅವರು ಬರುವುದು ತಡವಾಯಿತು, ತಿಳಿಸಲು ಇನ್ನೊಂದೇ ದಿನ ಉಳಿಯಿತು. ಹಾಸನಕ್ಕೆ ಫೋನು ಮಾಡಿದರೆ ಹಿಂದಿನಿಂದ ತಂಗಿ ನರಳುವುದು ಕೇಳಿಸಿತು. ಆ ಹೊತ್ತಿನಲ್ಲಿ ಪೀಸುಗಳ ಮಾತು ಎತ್ತಲು ನಾಚಿಕೆಯಾಗಿ, ಕುಶಲ ಕೇಳಿ ಇಟ್ಟೆ.

ಹೀಗೆ ಆರಿಸುವ ಕೆಲಸ ನನ್ನ ಮೇಲೇ ಬಿತ್ತು. ಆರಿಸುವುದು ನನಗೆ ಹೊಸದೇನೂ ಅಲ್ಲ. ಮದುವೆಯಾಗಿ ಬಂದಾಗಿನಿಂದ ನಮ್ಮ ಮಂಡಿಯ ಹಿಂಭಾಗದಲ್ಲಿ ಕೂತು ಕೊಬ್ಬರಿ ಆರಿಸಿದ್ದೇನೆ. ತೆಂಗಿನಕಾಯಿ ಅಟ್ಟದ ಮೇಲೆ ಹೆಚ್ಚು ಕಡಿಮೆ ವರ್ಷ ಪೂರ್ತಿ ಕೂತು, ಒಳಗಿನ ನೀರು ಇಂಗಿ, ತಿರುಳು ಒಣಗಿ ಉಂಡೆಯಾಗಿ ಕರಟ ಬಿಟ್ಟ ಮೇಲೆ ಅದನ್ನು ಸುಲಿದು, ಒಡೆದು, ರಾಶಿ ಹಾಕುತ್ತಾರೆ. ಆ ರಾಶಿಯ ಮುಂದೆ ಕೂತವರ ಕೆಲಸ ಒಂದೇ: ದಪ್ಪದ್ದು ದಪ್ಪದ್ದಕ್ಕೆ, ಸಣ್ಣದು ಸಣ್ಣದಕ್ಕೆ, ಬಿರುಕು ಬಿಟ್ಟದ್ದು ಪಕ್ಕಕ್ಕೆ. ಒಂದು ಚೀಲದಲ್ಲಿ ಎಲ್ಲ ಒಂದೇ ಅಳತೆ, ಒಂದೇ ಬಣ್ಣ. ಕೊಳ್ಳುವವನು ಚೀಲದ ಯಾವ ಮೂಲೆಗೆ ಕೈ ಹಾಕಿದರೂ ಅದೇ ಉಂಡೆ ಸಿಗಬೇಕು.

ರಾತ್ರಿ ಊಟಕ್ಕೆ ಕೂತಾಗ ಯಜಮಾನರಿಗೆ ಹೇಳಿದೆ.

“ಮೂರು ಪೀಸು ಆರಿಸಿ ನಾಳೆ ತಿಳಿಸ್ಬೇಕು ಕಣ್ರೀ.”

“ಎಷ್ಟವೆ ನಿನ್ ತಾವ?”

“ಧೈರ್ಯವಾಗಿ ನುಡಿಸೋವು ಒಂದು ಏಳೆಂಟು.”

“ಧೈರ್ಯವಾಗಿ?” ಎಂದು ಅವರು ನನ್ನ ಮುಖ ನೋಡಿದರು. “ಸರಿ ಬುಡು. ಬೆರಕೆ ಮಾತ್ರ ಮಾಡಬ್ಯಾಡ ಕಣೇ. ಕೈ ಹಾಕಿದೋನಿಗೆ ಒಂದು ದಪ್ಪ, ಒಂದು ಗೋಲಿ ಸಿಕ್ಕಿದ್ರೆ ಮಾಲಿನ ಮೇಲೇ ನಂಬಿಕೆ ಹೋಯ್ತದೆ. ಸಾಧಾರಣ ಮಾಲಾದ್ರೂ ಒಂದೇ ಸಮ ಇದ್ರೆ ಮರ್ಯಾದೆ.”

“ಇದು ಕೊಬ್ಬರಿ ಅಲ್ಲ.”

“ನೋಡೋರು ಮನುಷ್ಯರೇ ತಾನೆ? ಸಾರು ಹಾಕು.”

ಇದು ನನಗೆ ಬಹಳ ಸರಿ ಎನ್ನಿಸಿತು. ಅವರು ಹೇಳದಿದ್ದರೂ ನಾನು ಅದನ್ನೇ ಮಾಡುತ್ತಿದ್ದೆ. ಈಗ ತಪ್ಪಾದರೆ ಪಾಲು ಕೊಡಲು ಒಬ್ಬರು ಸಿಕ್ಕರು. ಕೂತು ಆರಿಸಿದೆ. ಮೊದಲನೆಯದು ಯುರೋಪಿನ ಅರಮನೆಗಳ ಕಾಲದ, ಮೂರೆಣಿಕೆಯ ಒಂದು ನೃತ್ಯ. ಎಷ್ಟು ನಿಧಾನವೆಂದರೆ ಅದಕ್ಕೆ ಕುಣಿಯುತ್ತಿದ್ದವರು ತಲೆಯ ಮೇಲೆ ಬಿಂದಿಗೆ ಇಟ್ಟುಕೊಂಡೇ ಕುಣಿಯುತ್ತಿದ್ದಿರಬೇಕು. ಎರಡನೆಯದು ಅದಕ್ಕಿಂತ ಈಚಿನ ಒಂದು ನಾಕ್ಟರ್ನ್, ಅಂದರೆ ರಾತ್ರಿಯ ಹಾಡು. ಎಡಗೈ ತೊಟ್ಟಿಲು ತೂಗುತ್ತದೆ, ಬಲಗೈ ನಿಟ್ಟುಸಿರು ಬಿಡುತ್ತದೆ. ಮೂರನೆಯದು ಕಳೆದ ಶತಮಾನದ ಫ್ರಾನ್ಸಿನವರೊಬ್ಬರದು. ಅದರಲ್ಲಿ ಒಂದು ಸ್ವರ ಬಿದ್ದು ಇನ್ನೊಂದು ಬೀಳುವುದರೊಳಗೆ ಒಲೆಯ ಮೇಲಿನ ಹಾಲು ನೋಡಿಕೊಂಡು ಬರಬಹುದು. ಕಾಲ ಮೂರೂ ಬೇರೆ. ನಿಯಮ ಪಾಲಿಸಿದ ಹಾಗಾಯಿತು. ಅಳತೆ ಮೂರಕ್ಕೂ ಒಂದೇ.

ಕಳಿಸುವ ಮೊದಲು ಮೂರನ್ನೂ ಒಂದರ ಹಿಂದೆ ಒಂದು ನುಡಿಸಿ ನೋಡಿದೆ. ಹಜಾರದಲ್ಲಿ ಕೂತು ಹುರುಳಿಕಾಯಿ ಸೋಸುತ್ತಿದ್ದ ಅತ್ತೆ ಕೇಳಿದರು.

“ಮುಗೀತಾ?”

“ಮುಗೀತತ್ತೆ. ಮೂರು ನುಡಿಸ್ದೆ.”

“ಮೂರಾ? ನಾನು ಒಂದೇ ಅಂದ್ಕಂಡೆ ಕಣವ್ವ.”

ಇದನ್ನು ನಾನು ಮೆಚ್ಚುಗೆಯೆಂದು ತಿಳಿದೆ. ರಾಶಿ ಸಮನಾಗಿ ಬಂದಿದೆ ಎಂಬ ಸಮಾಧಾನದಲ್ಲಿ ಹೆಸರುಗಳನ್ನು ಟೈಪು ಮಾಡಿ ಕಳಿಸಿಬಿಟ್ಟೆ.

ಮಿಸ್ ಹಾಸನದಿಂದ ಬಂದ ದಿನ ನಾನೇ ಹೆಮ್ಮೆಯಿಂದ ಹೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು. ಒರೆಸುತ್ತಲೇ ಇದ್ದರು.

“ಮೂರೂ ಜೋಗುಳ ಕಳಿಸಿದ್ದೀರಿ” ಎಂದರು.

“ಕಾಲ ಬೇರೆ ಬೇರೆ ಮಿಸ್.”

“ಕಾಲ ಬೇರೆ. ಕೇಳೋರಿಗೆ ಏನು ಬೇರೆ? ಬೆಳಿಗ್ಗೆಯಿಂದ ಹತ್ತಾರು ಜನರನ್ನ ಕೇಳಿ ಕೂತಿರ್ತಾರೆ. ನೀವು ಹೋಗಿ ಮಲಗಿಸಿ ಬರ್ತೀರಿ.”

ನಾನು ಬೆರಕೆಯ ವಿಚಾರ ಹೇಳಿದೆ. ಹೇಳಬಾರದಿತ್ತು. ಅವರಿಗೆ ಅದು ಅರ್ಥವಾಗಲು ಒಂದು ಗಳಿಗೆ ಬೇಕಾಯಿತು. ಅರ್ಥವಾದ ಮೇಲೆ ನಗು ಬಂತು, ನಕ್ಕದ್ದಕ್ಕೆ ಕೆಮ್ಮು ಬಂತು, ನಾನೇ ನೀರು ತಂದು ಕೊಟ್ಟೆ.

“ಅಲ್ಲಮ್ಮ, ಅವರು ಮೂರು ಕೇಳೋದೇ ಬೆರಕೆ ನೋಡೋದಕ್ಕೆ. ಒಂದೇ ಥರದ್ದು ಬೇಕಾಗಿದ್ರೆ ಒಂದೇ ಕೇಳ್ತಿರಲಿಲ್ಲವಾ?” ಆಮೇಲೆ ನಗು ನಿಲ್ಲಿಸಿ, “ನಿಜ ಹೇಳಿ, ನಿಧಾನದ್ದು ಇಷ್ಟ ಅಂತ ಆರಿಸಿದ್ರಾ?”

“ಇಷ್ಟಾನೇ.”

“ಇಷ್ಟ ಅಲ್ಲ. ನಿಧಾನದ್ದರಲ್ಲಿ ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗೋವರೆಗೆ ಚಿಂತೆ ಮಾಡೋಕೆ ಟೈಮ್ ಸಿಗುತ್ತೆ, ಅದಕ್ಕೆ.”

ನಾನು ಬಿಸ್ಕತ್ತಿನ ಡಬ್ಬಿ ನೋಡಿದೆ.

ಅಲ್ಲೇ ಕೂತು ಅವರು ಬೆಂಗಳೂರಿಗೆ ಫೋನು ಮಾಡಿ, ನನ್ನ ಪರವಾಗಿ ಬಹಳ ನಯವಾದ ಇಂಗ್ಲಿಷಿನಲ್ಲಿ ಮಾತಾಡಿದರು. ಶಾಲೆಯವರು ಒಂದು ಪೀಸು ಬದಲಾಯಿಸಲು ಒಪ್ಪಿದರು, ಮರುದಿನವೇ ತಿಳಿಸಬೇಕು. ಆಡಿಷನ್ನಿಗೆ ಒಂದು ತಿಂಗಳೂ ಇರಲಿಲ್ಲ.

ಫ್ರಾನ್ಸಿನವರನ್ನು ತೆಗೆದು ಅಲ್ಲೊಂದು ಸೊನಾಟಾದ, ಅಂದರೆ ಹಲವು ಭಾಗಗಳ ದೊಡ್ಡ ಪೀಸಿನ, ವೇಗದ ಭಾಗ ಹಾಕಬೇಕೆಂದು ಮಿಸ್ ತೀರ್ಮಾನಿಸಿದರು. ಯಾವ ಸೊನಾಟಾ ಎನ್ನುವುದಕ್ಕೆ ಮಧ್ಯಾಹ್ನವೆಲ್ಲ ಹಿಡಿಯಿತು. ಮೊದಲು ತೆಗೆದದ್ದರಲ್ಲಿ ಎಡಗೈ ಪುಟಗಟ್ಟಲೆ ಗುಡುಗುತ್ತಲೇ ಇರಬೇಕು. ನನ್ನದು ಗಿಡ್ಡ ಕೈ. ಹೆಬ್ಬೆರಳಿನಿಂದ ಕಿರುಬೆರಳಿಗೆ ಎಂಟು ಕೀಲಿ ಹಿಡಿಯುವುದರಲ್ಲೇ ಮಣಿಕಟ್ಟು ಬಿಗಿಯುತ್ತದೆ. ಎರಡನೇ ಪುಟಕ್ಕೆ ನನ್ನ ಗುಡುಗು ಹನಿಯಾಯಿತು. ಇನ್ನೊಂದು ಎಲ್ಲ ಮಕ್ಕಳೂ ಕಲಿಯುವಂಥದ್ದು. ನುಡಿಸಲು ಸುಲಭ, ಅದೇ ಅದರ ಅಪಾಯ. ಪರೀಕ್ಷೆ ಮಾಡುವವರಿಗೆ ಅದು ಬಾಯಿಪಾಠ. ಒಂದು ಸ್ವರ ಜಾರಿದರೂ ಆರತಿ ಹಾಡಿನಲ್ಲಿ ಸಾಲು ಮರೆತ ಹಾಗೆ ಎಲ್ಲರಿಗೂ ಗೊತ್ತಾಗುತ್ತದೆ. ಮತ್ತೊಂದರಲ್ಲಿ ಎಡಗೈ ಆಗಾಗ ಬಲಗೈಯನ್ನು ದಾಟಿ ಆಚೆ ಹೋಗಿ ಬರಬೇಕಿತ್ತು. ಹೋದದ್ದು ಸೆರಗಿಗೆ ಸಿಕ್ಕಿ ಬರಲಿಲ್ಲ. ಚೂಡಿದಾರ ಹಾಕಿ ಎಂದರು ಮಿಸ್. ಹಾಕಿದರೆ ದುಪಟ್ಟಾ ಇದೆಯಲ್ಲ ಎಂದೆ. ಅವರು ಆ ಪುಸ್ತಕ ಮುಚ್ಚಿದರು.

ಆಮೇಲೆ, “ನಿಮ್ಮ ಮಗಳು ಬಿಟ್ಟು ಹೋಯ್ತಲ್ಲ, ಅದನ್ನ ನುಡಿಸ್ತೀರಲ್ಲ ನೀವು” ಎಂದರು.

ನುಡಿಸುತ್ತೇನೆ, ನಿಜ. ಅದೊಂದು ಸೊನಾಟಾದ ಕೊನೆಯ ಭಾಗ, ಎರಡು ಕೈಯೂ ಒಂದನ್ನೊಂದು ಅಟ್ಟಿಸಿಕೊಂಡು ಓಡುವಂಥದ್ದು. ಮಗಳು ಅದರ ಅರ್ಧದಲ್ಲಿರುವಾಗ ಪಿಯಾನೊ ಬಿಟ್ಟಳು. ಆಮೇಲೆ ಉಳಿದರ್ಧ ಹೇಗಿರಬಹುದು ಎಂಬ ಕುತೂಹಲಕ್ಕೆ ನಾನು ಕಲಿತದ್ದು. ಆದರೆ ನಾನು ಅದನ್ನು ಓಡಿಸುತ್ತಿರಲಿಲ್ಲ, ಕೈಹಿಡಿದು ನಡೆಸುತ್ತಿದ್ದೆ.

“ನಿಧಾನಕ್ಕೆ ಮಾತ್ರ ಬರೋದು ಮಿಸ್.”

“ನಿಧಾನಕ್ಕೆ ನುಡಿಸಿದ್ರೆ ಅದು ಆ ಪೀಸೇ ಅಲ್ಲ. ಅದನ್ನೇ ಕಳಿಸಿ.”

ಕಳಿಸಿದೆ. ಕಳಿಸಿದ ಮೇಲೆ ಮನೆಗೆ ಬಂದು ಯಜಮಾನರಿಗೆ, ನಿಮ್ಮ ಮಾತು ಕೇಳಿ ಹೀಗಾಯಿತು ಎಂದೆ.

“ನಾನೇನ್ ಪಿಯಾನೊ ವ್ಯಾಪಾರ ಮಾಡ್ತೀನಾ? ನೀನು ಕೇಳ್ದೆ, ಕೊಬ್ಬರೀದ್ ಹೇಳ್ದೆ” ಎಂದು ಅವರು ಹಂದನಕೆರೆ ಕಡೆಯ ತೋಟಕ್ಕೆ ಮಾಲು ನೋಡಲು ಹೊರಟುಬಿಟ್ಟರು.

ಅಭ್ಯಾಸ ಶುರುವಾಯಿತು. ಫೋನಿನಲ್ಲಿ ಮೆಟ್ರೊನೋಮ್ ಹಾಕಿಕೊಂಡೆ. ಅದು ಟಕ್ ಟಕ್ ಎಂದು ಹೊಡೆಯುವ ತಾಳಕ್ಕೆ ಸರಿಯಾಗಿ ನುಡಿಸಬೇಕು, ಬಂದ ಹಾಗೆಲ್ಲ ಒಂದೊಂದು ಮೆಟ್ಟಿಲು ವೇಗ ಏರಿಸಬೇಕು. ಮೊದಲ ದಿನ ಅತ್ತೆ ಅದನ್ನು ಹಲ್ಲಿ ಲೊಚಗುಟ್ಟಿದ್ದೆಂದು ತಿಳಿದು, ಶಿವ ಶಿವ ಎನ್ನುತ್ತಾ ನೆಲವನ್ನು ಬೆರಳಿನಿಂದ ಕುಟ್ಟಿದರು. ಅದು ನಿಲ್ಲಲಿಲ್ಲ, ಅವರೂ ಸ್ವಲ್ಪ ಹೊತ್ತು ನಿಲ್ಲಿಸಲಿಲ್ಲ. ಕೊನೆಗೆ, “ಇಷ್ಟೊಂದು ಶಕುನ ಒಂದೇ ಸಲಕ್ಕೆ ಹೇಳೋ ಹಲ್ಲಿ ಎಲ್ಲೈತವ್ವ?” ಎಂದು ಕೇಳಿ, ಫೋನೆಂದು ತಿಳಿದ ಮೇಲೆ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು.

ವೇಗ ಏರುತ್ತಲೇ ಇರಲಿಲ್ಲ. ತೊಂದರೆ ಬೆರಳಿನದಲ್ಲ ಎಂದು ಕಂಡುಹಿಡಿದವಳು ಮಗಳು. ತುಮಕೂರಿನ ಕಾಲೇಜಿನಲ್ಲಿ ಓದುವವಳು, ರಜೆಗೆ ಬಂದಿದ್ದಳು. ಸೋಫಾದ ಮೇಲೆ ಕಾಲು ಚಾಚಿ ಚಕ್ಕುಲಿ ತಿನ್ನುತ್ತಾ ಸ್ವಲ್ಪ ಹೊತ್ತು ಕೇಳಿದಳು.

“ಅಮ್ಮ, ನೀನು ಪ್ರತಿಸಲ ಹಿಂದಕ್ಕೆ ಯಾಕೆ ಹೋಗ್ತೀಯ?”

“ತಪ್ಪಾಯ್ತಲ್ಲ, ಅದಕ್ಕೆ.”

“ತಪ್ಪಾಯ್ತು, ಹೋಯ್ತು. ಹಿಂದೆ ಹೋಗಿ ಇನ್ನೊಂದ್ಸಲ ಸರಿಯಾಗಿ ನುಡಿಸಿದ್ರೆ ಮೊದಲನೇದು ಕೇಳಿಸ್ಲಿಲ್ಲ ಅಂತ ಆಗುತ್ತಾ?”

ಅವಳು ಹೇಳುವವರೆಗೆ ನಾನು ಹಿಂದೆ ಹೋಗುತ್ತೇನೆಂದೇ ನನಗೆ ತಿಳಿದಿರಲಿಲ್ಲ. ಯೋಚಿಸಿ ನೋಡಿದರೆ, ಇಷ್ಟು ವರ್ಷ ರಾಶಿಯ ಮುಂದೆ ಕೂತ ಕೈ ಅದು. ಬಿರುಕು ಬಿಟ್ಟದ್ದು ಕಂಡರೆ ನಿಂತು, ಎತ್ತಿ, ಪಕ್ಕಕ್ಕೆ ಹಾಕದೆ ಮುಂದಿನದನ್ನು ಮುಟ್ಟುವುದಿಲ್ಲ. ಕೊಬ್ಬರಿಯಲ್ಲಿ ಹೀಗೆ ಮಾಡಿದರೆ ಕೆಲಸಗಾತಿ ಎನ್ನುತ್ತಾರೆ.

ಮಗಳು ಎದ್ದು ಬಂದು ಪಿಯಾನೊ ಪಕ್ಕ ನಿಂತಳು. “ಈಗ ನುಡಿಸು.” ನುಡಿಸಿದೆ. ಎರಡನೇ ಸಾಲಿನಲ್ಲಿ ಒಂದು ಸ್ವರ ಜಾರಿತು, ಕೈ ಹಿಂದೆ ಬಂತು. ಅವಳು ಪಿಯಾನೊದ ಸ್ವಿಚ್ ಆರಿಸಿದಳು.

“ಲೇ, ಏನೇ ಇದು?”

“ಹಿಂದೆ ಹೋದ್ರೆ ಕರೆಂಟ್ ಕಟ್.”

“ನಾನು ನಿಮ್ಮಮ್ಮ ಕಣೇ.”

“ಅದಕ್ಕೇ ಮತ್ತೆ ಹಾಕ್ತಿದೀನಿ. ಮೊದಲಿಂದ.”

ಆ ರಜೆಯಲ್ಲಿ ನಮ್ಮ ಮನೆಯಷ್ಟು ಕರೆಂಟು ಹೋದ ಮನೆ ಊರಿನಲ್ಲಿ ಇನ್ನೊಂದಿರಲಿಲ್ಲ. ಅವಳಿಗೆ ಸ್ವಲ್ಪವೂ ದಾಕ್ಷಿಣ್ಯವಿಲ್ಲ. ಚಿಕ್ಕವಳಿದ್ದಾಗ ಈ ಪೀಸನ್ನು ಅವಳು ನುಡಿಸುತ್ತಿದ್ದದ್ದು ನೆನಪಾಗುತ್ತಿತ್ತು: ಅರ್ಧ ಸ್ವರ ಬಿಟ್ಟು, ಅರ್ಧ ತಪ್ಪಾಗಿ, ಆದರೆ ಎಲ್ಲೂ ನಿಲ್ಲದೆ ಇಳಿಜಾರಿನಲ್ಲಿ ಸೈಕಲ್ ಬಿಟ್ಟಂತೆ. ಬೆಂಚಿನಲ್ಲಿ ಕೂತು ಅದನ್ನು ಕೇಳಿ ನಾನು ಮುಖ ಸಿಂಡರಿಸುತ್ತಿದ್ದೆ. ಈಗ ಅದು ನನಗೆ ಬೇಕಿತ್ತು, ಬರುತ್ತಿರಲಿಲ್ಲ. ರಜೆ ಮುಗಿಯುವ ಹೊತ್ತಿಗೆ, ತಪ್ಪಿದರೂ ಹಿಂದೆ ಹೋಗದೆ ಕೊನೆ ಮುಟ್ಟುವುದು ಸಾಧ್ಯವಾಯಿತು. ವೇಗ ಮಾತ್ರ ಮಿಸ್ ಹೇಳಿದ್ದಕ್ಕಿಂತ ನಾಲ್ಕೈದು ಮೆಟ್ಟಿಲು ಕೆಳಗೇ ಉಳಿಯಿತು.

“ಇಷ್ಟಾದರೆ ಸಾಲುತ್ತಾ ಮಿಸ್?” ಎಂದು ಕೊನೆಯ ಕ್ಲಾಸಿನಲ್ಲಿ ಕೇಳಿದೆ.

ಅವರು ಸುಳ್ಳು ಹೇಳುವವರಲ್ಲ. “ನೃತ್ಯದಿಂದ ಶುರು ಮಾಡಿ. ಕೈ ಬಿಸಿಯಾಗಲಿ. ಆಮೇಲೆ ಸೊನಾಟಾ. ನಾಕ್ಟರ್ನ್ ಕೊನೆಗೆ, ಹೊರಡುವಾಗ ಒಳ್ಳೆಯದು ಕಿವಿಯಲ್ಲಿ ಉಳೀಲಿ” ಎಂದರು. ಸಾಲುತ್ತದೆ ಎನ್ನಲಿಲ್ಲ.

ಬೆಳಗಿನ ರೈಲಿಗೆ ಹೊರಟೆವು. ಯಜಮಾನರು ಜೊತೆಗೆ ಬಂದರು. ದಾರಿಯುದ್ದಕ್ಕೂ ನಾನು ಮನಸ್ಸಿನಲ್ಲಿ ನೃತ್ಯದ ಮೊದಲ ಪುಟ ನುಡಿಸಿಕೊಂಡೆ. ಗುಬ್ಬಿ ದಾಟಿದ ಮೇಲೆ ಅವರು, “ಇಡ್ಲಿ ತಿಂತೀಯಾ?” ಎಂದರು. ಬೇಡ ಎಂದೆ. “ಚಿಂತೆ ಶುರುವಾಗೈತಾ?” ಎಂದರು. ಹೂಂ ಎಂದೆ. “ಅಂಗಾರೆ ಎಲ್ಲ ಸರಿಯಾಗೈತೆ” ಎಂದು ನನ್ನ ಪಾಲಿನದನ್ನೂ ತಿಂದರು.

ಶಾಲೆಯ ವರಾಂಡದಲ್ಲಿ ಹದಿನೇಳು ಹದಿನೆಂಟರ ಮಕ್ಕಳು, ಅವರ ತಂದೆತಾಯಿ. ನಮ್ಮನ್ನು ನೋಡಿ ಒಬ್ಬ ತಾಯಿ ಸರಿದು ಜಾಗ ಕೊಟ್ಟರು.

“ನಿಮ್ಮ ಮಗಳು ಒಳಗಿದಾಳಾ?”

“ಇಲ್ಲ, ತುಮಕೂರಲ್ಲಿದಾಳೆ” ಎಂದೆ.

ಆಕೆ ಅರ್ಥವಾಗದೆ ಯಜಮಾನರ ಕಡೆ ನೋಡಿದರು. ಅವರು ಗಂಭೀರವಾಗಿ, “ಆಡಿಷನ್ ಇವರದೇ. ನಾನು ಗಾರ್ಡಿಯನ್” ಎಂದರು.

ಒಳಗೆ ದೊಡ್ಡ ಕೋಣೆ, ನಡುವೆ ಗ್ರ್ಯಾಂಡ್ ಪಿಯಾನೊ, ಕಿಟಕಿಯ ಪಕ್ಕದ ಮೇಜಿನಲ್ಲಿ ಇಬ್ಬರು. ಒಬ್ಬರು ನನ್ನ ವಯಸ್ಸಿನ ಗಂಡಸು, ಇನ್ನೊಬ್ಬಾಕೆ ಚಿಕ್ಕ ವಯಸ್ಸಿನವರು. ನಾನು ಸ್ಟೂಲಿನ ಎತ್ತರ ಸರಿಮಾಡಿಕೊಂಡು ನೃತ್ಯಕ್ಕೆ ಕೈ ಇಟ್ಟೆ.

“ಸೊನಾಟಾ ಕೇಳೋಣ ಮೊದಲು” ಎಂದರು ಆ ಗಂಡಸು.

ನೃತ್ಯದಿಂದ ಶುರು ಮಾಡಬಹುದೇ ಎಂದು ಕೇಳಬಹುದಿತ್ತು. ಮಕ್ಕಳಾಗಿದ್ದರೆ ಕೇಳುತ್ತಿದ್ದರು. ನಾನು, “ಸರಿ ಸರ್” ಎಂದೆ. ತಣ್ಣಗಿದ್ದ ಕೈಯನ್ನು ನೃತ್ಯದ ಜಾಗದಿಂದ ಎತ್ತಿ ಸೊನಾಟಾದ ಜಾಗಕ್ಕೆ ಇಟ್ಟು, ತಾಳ ಎಣಿಸಿಕೊಳ್ಳುವುದನ್ನೂ ಮರೆತು ಶುರುಮಾಡಿಬಿಟ್ಟೆ.

ಹೆದರಿದವರು ನಿಧಾನವಾಗುತ್ತಾರೆ ಎಂದು ಇಷ್ಟು ವರ್ಷ ನಾನು ತಿಳಿದಿದ್ದೆ. ಹಾಗಲ್ಲವಂತೆ. ಮೊದಲ ಸಾಲು ಮುಗಿಯುವುದರೊಳಗೆ ಗೊತ್ತಾಯಿತು, ಇದು ಮನೆಯಲ್ಲಿ ಎಂದೂ ಮುಟ್ಟದ ವೇಗ, ಮಿಸ್ ಹೇಳಿದ್ದಕ್ಕಿಂತಲೂ ಮೇಲಿನದು. ಇಳಿಸೋಣವೆಂದರೆ ಹೇಗೆ ಇಳಿಸುವುದೆಂದು ತಿಳಿಯಲಿಲ್ಲ. ಬೆರಳುಗಳು ಮುಂದೆ ಮುಂದೆ, ನಾನು ಹಿಂದೆ, ಯಾರದೋ ಬೈಕಿನ ಹಿಂದೆ ಕೂತು ಸೀಟಿನ ಕಂಬಿ ಬಿಗಿಯಾಗಿ ಹಿಡಿದುಕೊಂಡಂತೆ. ಎಡಗೈಯಲ್ಲಿ ಒಂದು ಗೊಂಚಲು ಸ್ವರಗಳೇ ಹಾರಿಹೋದವು. ಹೋದವೆಂದು ತಿಳಿಯುವಷ್ಟರಲ್ಲಿ ಅದರ ಮುಂದಿನ ಪುಟದಲ್ಲಿದ್ದೆ. ಹಿಂದೆ ಹೋಗುವ ಆಸೆ ಬರಲೂ ಸಮಯವಿರಲಿಲ್ಲ. ಚಿಂತೆಗೂ ಇರಲಿಲ್ಲ, ಬಹುಶಃ ನನ್ನ ಜೀವನದಲ್ಲಿ ಎದ್ದಿರುವಾಗ ಚಿಂತೆ ಮಾಡದೆ ಕಳೆದ ಅತಿ ದೀರ್ಘ ಸಮಯ ಅದು. ಕೊನೆಯ ಎರಡು ಸ್ವರಮೇಳಗಳು ಗಟ್ಟಿಯಾಗಿ, ಸರಿಯಾದ ಜಾಗದಲ್ಲಿ ಬಿದ್ದವು. ಅವು ಬಿದ್ದ ಸದ್ದಿಗೆ ನಾನೇ ಬೆಚ್ಚಿದೆ.

ಆ ಗಂಡಸು, “ಇದನ್ನ ಯಾವಾಗಲೂ ಈ ಸ್ಪೀಡಲ್ಲೇ ನುಡಿಸ್ತೀರಾ?” ಎಂದರು.

“ಇಲ್ಲ ಸರ್. ಇವತ್ತೇ ಮೊದಲು.”

ಚಿಕ್ಕ ವಯಸ್ಸಿನಾಕೆ ಪೆನ್ನಿನಿಂದ ಬಾಯಿ ಮುಚ್ಚಿಕೊಂಡರು. ನಾಕ್ಟರ್ನ್ ನುಡಿಸಿ ಎಂದರು. ಸೊನಾಟಾದ ಓಟ ಕೈಯಿಂದ ಇನ್ನೂ ಇಳಿದಿರಲಿಲ್ಲ. ತೊಟ್ಟಿಲು ತೂಗುವ ಎಡಗೈ ತೊಟ್ಟಿಲನ್ನೇ ಅಲ್ಲಾಡಿಸಿತು. ಅರ್ಧಕ್ಕೆ, “ಸಾಕು, ಥ್ಯಾಂಕ್ಯೂ” ಎಂದರು. ನೃತ್ಯವನ್ನು ಕೇಳಲೇ ಇಲ್ಲ. ಎಲ್ಲಕ್ಕಿಂತ ಚೆನ್ನಾಗಿ ಬರುತ್ತಿದ್ದದ್ದು ಅದು.

ಹೊರಗೆ ಯಜಮಾನರು ಮುಖ ನೋಡಿ, “ಹೋಯ್ತಾ?” ಎಂದರು.

“ಗೊತ್ತಿಲ್ಲ. ಒಂದು ಗೊಂಚಲು ಪೂರ್ತಿ ಬಿಟ್ಟೆ.”

“ಮಿಕ್ಕಿದ್ದು?”

“ಮಿಕ್ಕಿದ್ದು ಬಂತು. ಹೇಗೆ ಬಂತೋ ಗೊತ್ತಿಲ್ಲ.”

“ಬಾ, ಈಗಲಾದ್ರೂ ಏನಾದ್ರೂ ತಿನ್ನು.”

ತಿಳಿಸುತ್ತೇವೆ ಎಂದವರು ಬೇಗ ತಿಳಿಸಲಿಲ್ಲ. ನಾನು ಆ ದಿನಗಳನ್ನು, ಬಿಟ್ಟುಹೋದ ಆ ಗೊಂಚಲನ್ನು ಮನೆಯಲ್ಲಿ ಸರಿಯಾಗಿ ನುಡಿಸುತ್ತಾ ಕಳೆದೆ. ಇದರಿಂದ ಯಾರಿಗೂ ಉಪಯೋಗವಿರಲಿಲ್ಲ. ಒಂದು ಮಧ್ಯಾಹ್ನ ಮಂಡಿಯಲ್ಲಿ ಕೂತಿದ್ದಾಗ ಸಂದೇಶ ಬಂತು: ಸೀಟು ಕೊಟ್ಟಿದ್ದೇವೆ, ಶನಿವಾರದ ಬ್ಯಾಚು. ಎರಡು ಸಲ ಓದಿ, ಬೇರೆ ಯಾರಿಗೋ ಬಂದದ್ದು ತಪ್ಪಿ ನನಗೆ ಬಂದಿರಬಹುದೆಂದು ಶಾಲೆಗೆ ಫೋನು ಮಾಡಿ ಕೇಳಿದೆ. ನಿಮಗೇ ಮೇಡಂ ಎಂದರು. ಮಿಸ್ ಮನೆಗೆ ಹೋಗಿ ಹೇಳಿದಾಗ ಅವರು ಕನ್ನಡಕ ಒರೆಸಲಿಲ್ಲ. “ಸೋಮವಾರದಿಂದ ಚಿಕ್ಕ ಮಕ್ಕಳು ನಿಮಗೆ. ಹೊನ್ನವಳ್ಳಿ ಹುಡುಗಿ ಹೆಬ್ಬೆರಳು ಮಡಚಿ ಇಟ್ಕೊಳ್ಳುತ್ತೆ, ನೋಡ್ಕೊಳ್ಳಿ” ಎಂದರು, ಅಷ್ಟೆ. ಅತ್ತೆ ಮಾತ್ರ, “ಅಂಗಾರೆ ಶನಿವಾರ ಅಡಿಗೆ ಯಾರು?” ಎಂದರು. ಯಜಮಾನರು, “ಚಿತ್ರಾನ್ನ ನಂಗೆ ಬತ್ತದೆ” ಎಂದರು.

ಮೊದಲ ಶನಿವಾರ ನನಗೆ ಕಲಿಸಲು ಬಂದವರು ಅಂದು ಮೇಜಿನ ಹಿಂದೆ ಕೂತಿದ್ದ ಅದೇ ಗಂಡಸು. ನಮಸ್ಕಾರ ಮುಗಿದ ಮೇಲೆ, “ಆ ಸೊನಾಟಾ, ಅವತ್ತಿನ ಸ್ಪೀಡಲ್ಲೇ ಒಂದ್ಸಲ” ಎಂದರು.

ನುಡಿಸಲು ಹೋದೆ. ಬರಲಿಲ್ಲ. ಮನೆಯ ವೇಗದಲ್ಲೇ ಹೊರಟು, ಎರಡನೇ ಪುಟದಲ್ಲಿ ಜಾರಿ, ಹಿಂದೆ ಹೋಗಿ ತಿದ್ದಿಕೊಂಡು ಬಂದೆ. ಅವರು ಕೊನೆಯವರೆಗೂ ತಡೆಯದೆ ಕೇಳಿದರು.

“ಇದು ನಿಮ್ಮ ಸ್ಪೀಡು. ಹಾಗಾದ್ರೆ ಅವತ್ತಿಂದು ಯಾರದು?”

“ಹೆದರಿಕೇದು ಸರ್.”

ಅವರು ನಗಲಿಲ್ಲ. ಮೆಟ್ರೊನೋಮ್ ಹಾಕಿ ನನ್ನ ಈಗಿನ ವೇಗ ಎಷ್ಟೆಂದು ಅಳೆದರು. ಅದಕ್ಕಿಂತ ಒಂದೇ ಒಂದು ಮೆಟ್ಟಿಲು ಮೇಲಿನದನ್ನು ಪೆನ್ಸಿಲಿನಲ್ಲಿ ಪುಟದ ತಲೆಯ ಮೇಲೆ ಬರೆದರು. “ಮುಂದಿನ ಶನಿವಾರಕ್ಕೆ ಇಷ್ಟು. ಇದಕ್ಕಿಂತ ಜಾಸ್ತಿ ಬೇಡ.”

ಅಷ್ಟು ನನ್ನಿಂದಾಗುತ್ತದೆ ಎನ್ನಿಸಿತು. ಹಾಗೆ ಅನ್ನಿಸಿದ್ದಕ್ಕೇ ಸ್ವಲ್ಪ ಗಾಬರಿಯಾಯಿತು.